ಮುಟ್ಟದ ಎರಡನೇ ಬೇಸ್

ಓಹಾಯೋದ ಆ ಸಣ್ಣ ಸ್ಟೇಷನ್ನಿನಲ್ಲಿ ಹಾಲಿನ ಕ್ಯಾನುಗಳ ಪಕ್ಕ ಕುಳಿತಿದ್ದ ರೈತ ಆರ್ವಿಲ್, ಬೆಂಚಿನ ಆ ತುದಿಯಲ್ಲಿದ್ದ ಇಬ್ಬರನ್ನು ಗುರುತಿಸಿದ. ನಾಲ್ಕು ಬೇಸ್‌ಗಳನ್ನೂ ಸಾಲಾಗಿ ಮುಟ್ಟಿ ಓಡಿದರೇ ರನ್ ಸಿಗುವ ಬೇಸ್‌ಬಾಲಿನಲ್ಲಿ, ನಿನ್ನೆ ತಮ್ಮೂರ ತಂಡವನ್ನು ಒಂದೇ ರನ್ನಿನಿಂದ ಸೋಲಿಸಿದವರು. ಅಂಪೈರ್ ಲಂಚ ತಿಂದಿದ್ದಾನೆಂದು ಆಟ ಮುಗಿದ ಮೇಲೆ ಅವನ ಮೇಲೆ ಕಲ್ಲು ತೂರಿದವರಲ್ಲಿ ಆರ್ವಿಲ್ ಕೂಡ ಇದ್ದ.

“ಅಂಪೈರ್‌ದು ಎಡಗಣ್ಣು ಹೋಯ್ತಂತೆ, ಕ್ಯಾಪ್ಟನ್,” ಎಂದ ಕಿರಿಯವನು.

“ಕೇಳ್ದೆ.”

“ಆ ಗೆಲ್ಲೋ ರನ್ನಿಗೆ ನಾನು ಎರಡನೇ ಬೇಸ್ ಮುಟ್ಟಲೇ ಇಲ್ಲ. ಅಡ್ಡ ಹಾಯ್ದು ಸೀದಾ ಮೂರನೇದಕ್ಕೆ ಓಡಿದೆ.”

“ನಾನೇ ತಾನೆ ಕಲಿಸಿದ್ದು. ಇರೋನೊಬ್ಬ ಅಂಪೈರು. ಚೆಂಡು ನೋಡ್ತಾನೋ, ನಿನ್ನ ಕಾಲು ನೋಡ್ತಾನೋ? ಎಲ್ರೂ ಮಾಡ್ತಾರೆ.”

“ಅವನು ಲಂಚ ತಿಂದಿಲ್ಲ, ನೋಡಿರಲಿಲ್ಲ ಅಷ್ಟೆ. ಊರೋರಿಗೆ ಹೇಳಿ ಬರ್ತೀನಿ.”

“ಹೇಳಿದ್ರೆ ಕಣ್ಣು ಬರುತ್ತಾ? ನಿಂದೂ ಕೀಳ್ತಾರೆ, ಜೊತೆಗೆ ನಂದೂನೂ. ಕೂತ್ಕೊ ಸುಮ್ನೆ.”

ರೈಲು ಬಂದು ನಿಂತಿತು.

“ಗೆದ್ದ ಮೇಲೆ ಆ ಅಂಪೈರೇ ಬಂದು ನನ್ನ ಬೆನ್ನು ತಟ್ಟಿದ, ಕ್ಯಾಪ್ಟನ್. ‘ಇಷ್ಟು ಜೋರಾಗಿ ಓಡೋರನ್ನ ನಾನು ನೋಡೇ ಇಲ್ಲ ಕಣೋ’ ಅಂದ.”

ಕ್ಯಾಪ್ಟನ್ ಇಬ್ಬರ ಚೀಲವನ್ನೂ ಎತ್ತಿಕೊಂಡು ಬೋಗಿ ಹತ್ತಿದ. ಕಿರಿಯವನು ಒಂದು ಗಳಿಗೆ ಊರಿನ ಕಡೆ ನೋಡುತ್ತ ನಿಂತು, ಆಮೇಲೆ ತಾನೂ ಹತ್ತಿದ.