ಕ್ವಿನ್ಸಿ ಹೇಳದ ‘ಹೌದು’

ಸಭೆಯ ಅಧ್ಯಕ್ಷರಾದ ರೆವರೆಂಡ್ ಹಾಲಿಸ್ ಅವರೇ, ರಾಜಧಾನಿಯಿಂದ ಬಂದಿರುವ ಶಾಸಕಿಯವರೇ, ತಾಯಂದಿರ ಸಮಿತಿಯ ಅಕ್ಕತಂಗಿಯರೇ, ಕುರ್ಚಿ ಸಿಗದೆ ಗೋಡೆಗೊರಗಿ ನಿಂತಿರುವ ಪುಣ್ಯಾತ್ಮರೇ, ಅಡುಗೆಮನೆಯಲ್ಲಿ ಮೀನು ಕರಿಯುತ್ತಾ ನನ್ನ ಭಾಷಣ ಬೇಗ ಮುಗಿಯಲೆಂದು ಪ್ರಾರ್ಥಿಸುತ್ತಿರುವವರೇ, ಪ್ರೀತಿಯ ಸಭಿಕರೇ,

ಗೆದ್ದುಬಿಟ್ಟೆವಲ್ಲ! ಇನ್ನೊಮ್ಮೆ ಹೇಳಲೇ? ಗೆದ್ದುಬಿಟ್ಟೆವು! ಹದಿನೆಂಟು ತುಂಬದ ಮಕ್ಕಳನ್ನು ಸಾಯುವವರೆಗೆ ಜೈಲಿನಲ್ಲಿಡುವ ಶಿಕ್ಷೆ ಮೊನ್ನೆ ಬುಧವಾರ ನಮ್ಮ ರಾಜ್ಯದಲ್ಲಿ ರದ್ದಾಯಿತು. ಬಿಳಿಯ ಮಗುವಿಗೊಂದು ಅಳತೆ, ಕರಿಯ ಮಗುವಿಗೊಂದು ಅಳತೆ ಎಂದು ತೋರಿಸಿಕೊಟ್ಟರೆ ಹಳೆಯ ಶಿಕ್ಷೆಗಳನ್ನೂ ಕೋರ್ಟು ಮತ್ತೆ ತೂಗಿ ನೋಡಬೇಕು. ಎಪ್ಪತ್ತೊಂದರ ಈ ಮುದುಕಿ ಬುಧವಾರ ಶಾಸನಸಭೆಯ ಮೆಟ್ಟಿಲ ಮೇಲೆ ಕುಣಿದದ್ದನ್ನು ನೀವೆಲ್ಲ ನೋಡಿದ್ದೀರಿ. ಮಂಡಿ ಇನ್ನೂ ನೋಯುತ್ತಿದೆ. ನೋಯಲಿ ಬಿಡಿ!

ನನಗೆ ಈ ಸನ್ಮಾನವೇಕೆ? ಮೂವತ್ತೆರಡು ವರ್ಷ ನಾನು ಕೌಂಟಿ ಕೋರ್ಟಿನಲ್ಲಿ ಆಡಿದ ಪ್ರತಿ ಮಾತನ್ನೂ ಯಂತ್ರದಲ್ಲಿ ದಾಖಲಿಸುವ ಸ್ಟೆನೋ ಆಗಿದ್ದೆ. ಆ ಕುರ್ಚಿಯಲ್ಲಿ ಕುಳಿತ ಮೊದಲ ಕರಿಯ ಹೆಂಗಸು. ಸಮಿತಿಯವರು ಕೇಳಿದಾಗ ಮುನ್ನೂರು ಹಳೆಯ ಮೊಕದ್ದಮೆಗಳ ಪ್ರತಿಗಳನ್ನು ಹುಡುಕಿ, ಜೋಡಿಸಿ, ಯಾವ ಮಗುವಿಗೆ ಎಷ್ಟು ಶಿಕ್ಷೆಯಾಯಿತೆಂದು ಪಟ್ಟಿ ಮಾಡಿಕೊಟ್ಟೆ. ಅಷ್ಟೇ ನನ್ನ ಸೇವೆ. ಅದಕ್ಕೆ ಇಷ್ಟು ದೊಡ್ಡ ಫಲಕ! ಏನು ಬರೆಸಿದ್ದೀರಿ ಇದರ ಮೇಲೆ? ಕನ್ನಡಕ ಎಲ್ಲಿ? ಹಾಂ. ‘ಒಂದಕ್ಷರವೂ ತಪ್ಪದ ಮೂವತ್ತೆರಡು ವರ್ಷ.’

ಒಂದಕ್ಷರವೂ...

ಸ್ವಲ್ಪ ನೀರು ಕೊಡಿ.

ನನ್ನ ಕೈಚೀಲದಲ್ಲಿ ಒಂದು ವಸ್ತುವಿದೆ. ಊಟವಾದ ಮೇಲೆ ಲಾಯರ್ ಮಿಸ್ ಏಕರ್ಸ್ ಕೈಗೆ ಸದ್ದಿಲ್ಲದೆ ಕೊಟ್ಟು ಮನೆಗೆ ಹೋಗೋಣವೆಂದಿದ್ದೆ. ಈ ಫಲಕ ಓದಿದ ಮೇಲೆ ಹಾಗೆ ಹೋಗಲು ಮನಸ್ಸು ಒಪ್ಪುತ್ತಿಲ್ಲ. ಮೀನು ತಣ್ಣಗಾದರೆ ನನ್ನನ್ನೇ ಬೈಯಿರಿ.

ಪಟ್ಟಿ ಮಾಡುವಾಗ ಎರಡು ಪ್ರತಿಗಳು ಕೈಗೆ ಬಂದವು. ಇಪ್ಪತ್ತೆರಡು ವರ್ಷದ ಹಿಂದಿನವು, ಎರಡರ ನಡುವೆ ಮೂರು ವಾರದ ಅಂತರ. ಎರಡರಲ್ಲೂ ಹದಿನೈದರ ಹುಡುಗ, ಎರಡರಲ್ಲೂ ಅವನು ಕಾರಿನಲ್ಲಿ ಕುಳಿತಿದ್ದ, ಎರಡರಲ್ಲೂ ದೊಡ್ಡವನೊಬ್ಬ ಅಂಗಡಿಗೆ ನುಗ್ಗಿ ಗುಂಡು ಹಾರಿಸಿದ್ದ. ಮೊದಲನೆಯವನು ಬಿಳಿಯ ಹುಡುಗ. ಜಡ್ಜ್ ಕೇಳಿದರು: “ತಪ್ಪು ಒಪ್ಪಿಕೊಂಡ್ರೆ ಸಾಯೋವರೆಗೂ ಜೈಲು ಕಣಪ್ಪ. ಅರ್ಥ ಆಯ್ತಾ?” ಹುಡುಗ ಸುಮ್ಮನಿದ್ದ. ನಾನು ಕೈ ಮೇಲೆತ್ತಿ, “ಸ್ವಾಮೀ, ಉತ್ತರ ಕೇಳಿಸಲಿಲ್ಲ, ಬರೆಯೋಕಾಗಲ್ಲ” ಎಂದೆ. ಹಾಗೆ ತಡೆಯುವ ಹಕ್ಕು ಸ್ಟೆನೋಗೆ ಇದೆ. ಜಡ್ಜ್ ಅವನ ತಾಯಿಯನ್ನು ಪಕ್ಕದಲ್ಲಿ ಕೂರಿಸಿದರು. “ಹೆದರ್ಬೇಡ ಮಗು, ನಿಧಾನಕ್ಕೆ ಹೇಳು.” ಹುಡುಗ, “ಅರ್ಥ ಆಗ್ಲಿಲ್ಲ ಸರ್” ಎಂದ. ತಪ್ಪೊಪ್ಪಿಗೆಯನ್ನು ಜಡ್ಜ್ ಅಲ್ಲಿಗೇ ಕೈಬಿಟ್ಟರು. ಆರು ವರ್ಷ ಸುಧಾರಣಾ ಶಾಲೆಯಲ್ಲಿದ್ದು ಮನೆಗೆ ಬಂದ. ಒಳ್ಳೆಯದಾಯಿತು, ಅವನೂ ಮಗುವೇ.

ಅಂದು ಸಂಜೆ ಕೋರ್ಟಿನ ಗುಮಾಸ್ತ ನಗುತ್ತಾ ಹೇಳಿದ: “ನಿಮ್ಮೋರ ಹುಡುಗ ಬಂದಾಗ್ಲೂ ಹಿಂಗೇ ಕೈ ಎತ್ತೀಯೇನಮ್ಮ? ಎಲ್ಲಾ ನೋಡ್ತಿರ್ತಾರೆ, ಹುಷಾರು.”

ಎರಡನೆಯ ಹುಡುಗ ಕ್ವಿನ್ಸಿ ಬ್ಯಾಟಲ್. ಮುಂದಿನ ಸಾಲಿನಲ್ಲಿ ನೀಲಿ ಹ್ಯಾಟು ಧರಿಸಿ ಕುಳಿತಿರುವ ನಮ್ಮ ಸಿಸ್ಟರ್ ಯೂಲಾ ಅವರ ಮಗ. ಅದೇ ಜಡ್ಜ್, ಅದೇ ಪ್ರಶ್ನೆ. ಕ್ವಿನ್ಸಿ ಬಾಯಿ ಬಿಡಲಿಲ್ಲ. ತಿರುಗಿ ಅಮ್ಮನನ್ನು ನೋಡಿದ. ಜಡ್ಜ್ ಗಡಿಯಾರ ನೋಡಿದರು. “ಸರಿ, ಮುಂದಕ್ಕೆ ಹೋಗೋಣ.” ಶಿಕ್ಷೆ, ಸಾಯುವವರೆಗೆ ಜೈಲು.

ನಾನು ಕೈ ಎತ್ತಿದೆನೇ? ಎತ್ತಲಿಲ್ಲ. ನಮ್ಮವನೆಂದೇ ಎತ್ತಲಿಲ್ಲ! ಪಕ್ಷಪಾತಿ ಎನ್ನುತ್ತಾರೆಂದು, ಕುರ್ಚಿ ಹೋಗುತ್ತದೆಂದು ಹೆದರಿದೆ. ಮನೆಗೆ ಹೋಗಿ ಶುದ್ಧ ಪ್ರತಿ ಮಾಡುವಾಗ ಆ ಪ್ರಶ್ನೆಯ ಮುಂದೆ ಖಾಲಿ ಇತ್ತು. ಈ ವರ್ಲೀನ್ ಟಾಲಿವರ್ ಮಾಡಿದ ಪ್ರತಿಯಲ್ಲಿ ಖಾಲಿ ಜಾಗವೇ? ‘ಹೌದು’ ಎಂದು ಹೊಡೆದೆ. ಪುಟ ಲಕ್ಷಣವಾಗಿ ಕಂಡಿತು.

ಯೂಲಾ ಪ್ರತಿ ವರ್ಷ ನನ್ನ ಹುಟ್ಟುಹಬ್ಬಕ್ಕೆ ಕೇಕು ತರುತ್ತಾರೆ. ಒಮ್ಮೆ ನನ್ನ ಕೈ ಹಿಡಿದು, “ಆ ದಿನ ನನ್ ಮಗೂಗೆ ಹತ್ರದೋರು ಅಂತ ನೀವೊಬ್ರಾದ್ರೂ ಕೂತಿದ್ರಲ್ಲ ಸಿಸ್ಟರ್, ಅಷ್ಟೇ ನಂಗೆ ಸಮಾಧಾನ” ಎಂದರು. ನಾನು ಆ ಕೇಕು ತಿಂದೆ, ದೇವರೇ. ಇಪ್ಪತ್ತೆರಡು ವರ್ಷ ತಿಂದೆ!

ಈಗ ಕೇಳಿ. ನಾವು ಕುಣಿದು ತಂದ ಈ ಕಾನೂನಿನಲ್ಲಿ ಒಂದು ಸಾಲಿದೆ: ಅರ್ಥ ಮಾಡಿಕೊಂಡು ತಪ್ಪೊಪ್ಪಿಕೊಂಡವರಿಗೆ ಮರುವಿಚಾರಣೆಯಿಲ್ಲ. ಸೋಮವಾರ ಒಂಬತ್ತು ಗಂಟೆಗೆ, ಮಿಸ್ ಏಕರ್ಸ್ ಹಾಕಿರುವ ಕ್ವಿನ್ಸಿಯ ಅರ್ಜಿ ಕೋರ್ಟಿಗೆ ಬರುತ್ತದೆ. ಸರ್ಕಾರಿ ವಕೀಲರು ನನ್ನ ಆ ‘ಹೌದು’ ತೋರಿಸುತ್ತಾರೆ. ಅವನಿಗೀಗ ಮೂವತ್ತೇಳು. ಆ ಒಂದು ಮಾತು ನಿಂತರೆ ಅವನು ಒಳಗೇ ಸಾಯುತ್ತಾನೆ.

ನಿಲ್ಲುವುದಿಲ್ಲ! ಏಕೆಂದರೆ ಅಂದು ಯಂತ್ರದಿಂದ ಬಂದ ಮೂಲ ಕಾಗದದ ಸುರುಳಿಯನ್ನು ನಾನು ಎಸೆದಿರಲಿಲ್ಲ. ಎಸೆಯಲು ಕೈ ಬಂದಿರಲಿಲ್ಲ. ಇಗೋ, ಇಲ್ಲಿದೆ. ಪ್ರಶ್ನೆ ಇದೆ, ಮುಂದೆ ಏನೂ ಇಲ್ಲ. ಮಿಸ್ ಏಕರ್ಸ್, ಬನ್ನಿ, ತೆಗೆದುಕೊಳ್ಳಿ. ಎಲ್ಲರ ಕಣ್ಣೆದುರಿಗೇ ತೆಗೆದುಕೊಳ್ಳಿ. ಪಿಂಚಣಿ ಹೋದರೆ ಹೋಗಲಿ, ನನ್ನ ಮೇಲೆ ಮೊಕದ್ದಮೆ ಹೂಡಿದರೆ ಹೂಡಲಿ. ಫಲಕ ಮಾತ್ರ ಇಲ್ಲೇ ಮೇಜಿನ ಮೇಲಿರಲಿ.

ಯೂಲಾ, ಎದ್ದು ಹೋಗಬೇಡಿ ತಾಯೀ. ನನಗೆ ಆಮೇಲೆ ಬೇಕಾದ್ದನ್ನು ಅನ್ನಿ. ನಿಮ್ಮ ಮಗ ‘ಹೌದು’ ಅನ್ನಲಿಲ್ಲ. ಅವನು ನಿಮ್ಮನ್ನು ನೋಡುತ್ತಿದ್ದ. ಅಂದದ್ದು ನಾನು.

ಕರೆದು ಗೌರವಿಸಿದ ನಿಮಗೆಲ್ಲ, ಈ ಕಾನೂನಿಗಾಗಿ ಬಿಸಿಲಲ್ಲಿ ನಡೆದ ಪ್ರತಿಯೊಂದು ಕಾಲಿಗೂ ನನ್ನ ಕೃತಜ್ಞತೆ. ಸೋಮವಾರ ಎಲ್ಲರೂ ಬನ್ನಿ, ಕೋರ್ಟು ತುಂಬಬೇಕು. ಅಲ್ಲಿ ಪ್ರಮಾಣ ಮಾಡಲು ಬಲಗೈ ಮೇಲೆತ್ತು ಎನ್ನುತ್ತಾರೆ. ಅಂದು ಎತ್ತದ ಕೈ ಇದೇ. ನಮಸ್ಕಾರ.