ಅಡುಗೆಮನೆ ಬಾಗಿಲಿನ ಅಗಲ

ವೆಲ್ಡರನ ಮಗಳು ಹೋಗುವ ಶಿಶುವಿಹಾರದ ಅಡುಗೆಯಮ್ಮನೂ ಆಯಾಳೂ ಬಸ್ಸಿನಲ್ಲಿ ಹರಟುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೂತಿದ್ದ ಅವನನ್ನು ಅವರು ನೋಡಿರಲಿಲ್ಲ.

“ನಿನ್ನೆ ನೀನು ರಜೆ. ತಪಾಸಣೆ ಹೊತ್ತಿಗೆ ಎಂಟು ಕೂಸಿಗೆ ಇಬ್ಬರು ಆಯಾ ಇರಲೇಬೇಕು ಅಂತ, ಮೇಡಂ ನನ್ನ ಏಪ್ರನ್ ಬಿಚ್ಚಿಸಿ ಮಕ್ಕಳ ಮಧ್ಯೆ ಕೂರಿಸಿದ್ರು ಕಣೇ.”

“ತಪಾಸಣೆಗೆ ಬಂದೋರಿಗೆ ಗೊತ್ತಾಗ್ಲಿಲ್ವಾ ಅಕ್ಕಾ?”

“ನನ್ನ ಮುಖ ಕಂಡಿದ್ದೇ ತಡ, ಏಳು ಪುಟಾಣಿಗಳು ಕೈ ತೊಳೆದು, ತಟ್ಟೆ ಹಿಡಿದು ಸಾಲಾಗಿ ಕೂತ್ವು!”

“ಅಯ್ಯೋ! ಎಂಟನೇದು?”

“ಆ ವೆಲ್ಡರ್ ಮಗಳು. ಸೌಟು ಹಿಡ್ಕೊಂಡು ಒಲೆ ಮುಂದೆ ನಿಂತಿದ್ಳು. ಸದ್ಯ, ಓಡಿಹೋಗಿ ಎತ್ಕೊಂಡೆ.”

“ಇನ್ಸ್‌ಪೆಕ್ಟರಮ್ಮ?”

“ಅಡುಗೆಮನೆಗೆ ಗೇಟು ಹಾಕ್ಸೋವರೆಗೂ ಲೈಸೆನ್ಸ್ ಇಲ್ಲ ಅಂದ್ರು.”

ಸ್ಟಾಪು ಬಂತು, ಇಬ್ಬರೂ ಇಳಿದರು. ಹಲ್ಲು ಕಚ್ಚಿ ಕೂತಿದ್ದ ವೆಲ್ಡರ್, ತನ್ನ ಸ್ಟಾಪು ಇನ್ನೂ ದೂರವಿದ್ದರೂ, ಅವರ ಹಿಂದೆಯೇ ಧುಮುಕಿ ಜೇಬಿನಿಂದ ಅಳತೆ ಟೇಪು ಎಳೆದ.

“ಅಕ್ಕಾ, ಆ ಬಾಗಿಲು ತೋರ್ಸಿ.”