ಮೂಲೆಯ ಹಾಸನ್ನು ಯಾರೂ ಎತ್ತಬೇಡಿ

ಅಧ್ಯಕ್ಷಸ್ಥಾನದಲ್ಲಿರುವ ನಮ್ಮ ಹೆಡ್‌ಮಾಸ್ತರ್ ತೊಕ್ತೊಬೆಕ್ ಅವರೇ, ಜಿಲ್ಲಾ ಕಚೇರಿಯಿಂದ ಈ ಕೆಟ್ಟ ದಾರಿಯಲ್ಲಿ ಕುಲುಕಿಕೊಂಡು ಬಂದಿರುವ ಇನ್ಸ್‌ಪೆಕ್ಟರ್ ಸಾಹೇಬರೇ, ಜೊತೆಯ ಶಿಕ್ಷಕರೇ, ಕುರಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದಿರುವ ತಂದೆತಾಯಿಗಳೇ, ಮುಂದಿನ ಸಾಲಿನಲ್ಲಿ ಒಬ್ಬರನ್ನೊಬ್ಬರು ಚಿವುಟುತ್ತಿರುವ ಮಕ್ಕಳೇ, ಬಾಗಿಲ ಬಳಿಯೇ ಕುಳಿತಿರುವ ನನ್ನ ತಮ್ಮ ಸಪಾರ್, ಸಭಿಕರೇ,

ಹೆಡ್‌ಮಾಸ್ತರರು ನನ್ನನ್ನು ಬೀಳ್ಕೊಡುತ್ತಾ ಬಹಳ ಹೊಗಳಿದರು. ಉಮ್ಸುನಾಯ್ ಅಕ್ಕ ಈ ಶಾಲೆಯ ಒಲೆ ಇದ್ದ ಹಾಗೆ ಎಂದರು. ಸಂತೋಷ. ಆದರೆ ಒಲೆ ಎಂದ ಮೇಲೆ ಹೊಗೆಯೂ ಇರುತ್ತದೆ. ಈಗ ಸ್ವಲ್ಪ ಹೊಗೆ ಬರಲಿದೆ, ಕಣ್ಣು ಉರಿದರೆ ಕ್ಷಮಿಸಿ.

ನನ್ನ ಹೆಗಲಿಗೆ ಚಿನ್ನದ ಅಂಚಿನ ನಿಲುವಂಗಿ ಹೊದಿಸಿದ್ದೀರಿ. ನನ್ನ ಮುಂದೆ ಬೇಯಿಸಿದ ಕುರಿಯ ತಲೆ ಇಟ್ಟಿದ್ದೀರಿ. ನಮ್ಮ ಕಣಿವೆಯಲ್ಲಿ ತಲೆ ಗಂಡಸರ ಪಾಲು, ಹೆಂಗಸಿಗೆ ಬಾಲದ ಕೊಬ್ಬು. ಆ ಕಟ್ಟನ್ನು ಮುರಿದು ನನಗೆ ತಲೆ ಕೊಟ್ಟಿರಿ, ದೊಡ್ಡ ಮಾತು. ಆದರೆ ಈ ನಿಲುವಂಗಿ ನನ್ನ ಬಾಯಿಯ ಮೇಲೂ ಬೀಳುತ್ತದೆ ಎಂದು ಯಾರಾದರೂ ಎಣಿಸಿದ್ದೀರಾ? ಹೆಗಲಿಗೆ ಸರಿಯಾಗಿದೆ. ಬಾಯಿ ಮುಚ್ಚಲು ಚಿಕ್ಕದಾಯಿತು.

ನಾನು ಓದಿ ಶಿಕ್ಷಕಿಯಾದವಳಲ್ಲ. ಸೋವಿಯತ್ ಸರಕಾರ ಬಿದ್ದ ವರ್ಷ ಇಲ್ಲಿನ ಮೇಷ್ಟರುಗಳೆಲ್ಲ ಸಂಬಳವಿಲ್ಲದೆ ಸಂತೆಯಲ್ಲಿ ವ್ಯಾಪಾರಕ್ಕೆ ಹೋದರು. ಚಳಿಗಾಲ ಕಳೆಯುವವರೆಗೆ ಮಕ್ಕಳನ್ನು ನೋಡಿಕೋ ಎಂದು ಊರ ಹಿರಿಯರು ನನ್ನನ್ನು ಕೂರಿಸಿದರು. ಆ ಚಳಿಗಾಲ ಇವತ್ತು ಮುಗಿಯುತ್ತಿದೆ.

ನಾಲ್ಕನೆಯ ತರಗತಿಯ ಬುರುಲ್ ವಿಷಯ ಹೇಳಬೇಕು. ಬೆಳಿಗ್ಗೆಯೇ ಅವಳ ಅಪ್ಪಣೆ ಕೇಳಿದ್ದೇನೆ. "ಹೇಳಿ ಅಕ್ಕ. ಕೆಟ್ಟದ್ದು ಹೇಗೂ ಎಲ್ರಿಗೂ ಗೊತ್ತು. ಗೊತ್ತಿಲ್ದೇ ಇರೋದನ್ನೂ ಹೇಳಿ" ಎಂದಳು. ಅವಳು ಈ ಸಭೆಯಲ್ಲೇ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದಾಳೆ. ತಿರುಗಿ ನೋಡಬೇಡಿ. ನಿಮ್ಮನ್ನು ಹಾಗೆ ಎಲ್ಲರೂ ತಿರುಗಿ ನೋಡಿದರೆ ನೀವು ಸುಮ್ಮನಿರುತ್ತೀರಾ?

ಗೊತ್ತಿರುವುದು ಇದು. ಅವಳ ತಾಯಿ ರಷ್ಯಾಕ್ಕೆ ದುಡಿಯಲು ಹೋದ ಮೇಲೆ ಆ ಹುಡುಗಿ ಬೆಂಚು ಉರುಳಿಸಿದಳು, ಪಕ್ಕದವಳ ಕೈ ಕಚ್ಚಿದಳು, ನನ್ನ ಕನ್ನಡಕ ಮುರಿದಳು. ನಾನು ಬೈದು ನೋಡಿದೆ. ಬೈಗುಳ ಅವಳಿಗೆ ಒಣಹುಲ್ಲಿಗೆ ಕಿಡಿ ಬಿದ್ದ ಹಾಗೆ. ಒಂದು ದಿನ, ಅತ್ತು ಸುಸ್ತಾದ ಮೇಲೆ, ಅವಳೇ ಹೇಳಿದಳು: "ಅಕ್ಕ, ನನ್ ಕೈ ಮೊದ್ಲೇ ಹೊರಟುಹೋಗತ್ತೆ. ನಾನು ಹಿಂದಿನಿಂದ ಓಡಿ ಬರ್ತೀನಿ, ಅಷ್ಟರಲ್ಲಿ ಮುಗಿದಿರತ್ತೆ."

ಅವಳು ಓಡಿ ಬಂದು ತನ್ನ ಕೈಯನ್ನು ಹಿಡಿದುಕೊಳ್ಳುವಷ್ಟು ಹೊತ್ತು ಬೇಕಿತ್ತು. ಅದನ್ನು ಕೊಡುವುದೇ ನನ್ನ ಕೆಲಸ ಎಂದುಕೊಂಡೆ. ಮನೆಯಿಂದ ಒಂದು ಹಳೆಯ ಉಣ್ಣೆಯ ಹಾಸು ತಂದು ತರಗತಿಯ ಮೂಲೆಯಲ್ಲಿ ಹಾಕಿದೆ. ಸಿಟ್ಟು ಏರುವ ಮೊದಲೇ ಯಾರು ಬೇಕಾದರೂ ಎದ್ದು ಅಲ್ಲಿಗೆ ಹೋಗಬಹುದು, ಕೇಳಬೇಕಾಗಿಲ್ಲ. ಹೋದವರ ಬಾಯಿಗೆ ಒಂದು ಕುರುತ್. ಒಣಮೊಸರಿನ ಉಂಡೆ, ಕಲ್ಲಿನಂಥದ್ದು. ಅದು ಕರಗುವವರೆಗೆ ಯಾರೂ ಪ್ರಶ್ನೆ ಕೇಳುವಂತಿಲ್ಲ, ನಾನೂ ಕೂಡ. ಬಾಯಲ್ಲಿ ಕುರುತ್ ಇಟ್ಟುಕೊಂಡು ಕಿರುಚಲು ಆಗುವುದಿಲ್ಲ, ಬೇಕಾದರೆ ಸಾಹೇಬರು ಪರೀಕ್ಷಿಸಬಹುದು.

ಮೊದಲ ವಾರ ಇಡೀ ತರಗತಿಗೆ ಸಿಟ್ಟು ಬಂತು. ಎಲ್ಲರೂ ಹುಬ್ಬು ಗಂಟಿಕ್ಕಿಕೊಂಡು ಮೂಲೆಗೆ ಸಾಲು ನಿಂತರು. ಎಲ್ಲರಿಗೂ ಕೊಟ್ಟೆ, ಅವರ ಸಿಟ್ಟು ವಾಸಿಯಾಯಿತು. ಶಿಕ್ಷಕರ ಕೊಠಡಿಯಲ್ಲಿ ನಮ್ಮ ತೊಕ್ತೊಬೆಕ್ ಮಾಸ್ತರರು ನಕ್ಕರು: "ಏನಕ್ಕ, ಶಿಸ್ತನ್ನ ಮೊಸರಿಗೆ ಮಾರಿಬಿಟ್ರಾ?"

ಗೊತ್ತಿಲ್ಲದ್ದು ಈಗ ಕೇಳಿ. ಈ ವಸಂತದಲ್ಲಿ ಬುರುಲ್ ತಾನಾಗಿಯೇ ಎದ್ದು ಹೋಗಲು ಕಲಿತಳು. ಪಾಠದ ನಡುವೆ ಅವಳ ಕತ್ತು ಕೆಂಪಾಗುತ್ತದೆ, ಏಳುತ್ತಾಳೆ, ಹಾಸಿನ ಮೇಲೆ ಕೂತು ಅಂಗೈ ಚಾಚುತ್ತಾಳೆ. ಸ್ವಲ್ಪ ಹೊತ್ತಿಗೆ ಬಂದು ಲೆಕ್ಕ ಬಿಡಿಸುತ್ತಾಳೆ. ಇದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಡೆಯದೆ ಹೋದ ಗಲಾಟೆ ಯಾರ ಕಣ್ಣಿಗೆ ಬೀಳುತ್ತದೆ?

ಹಾಗಾದರೆ ಸಾಹೇಬರು ತಪಾಸಣೆಗೆ ಬಂದ ದಿನ ಅವಳ ಕೈಯಿಂದ ಗ್ಲೋಬು ಕಿಟಕಿಗೆ ಹಾರಿದ್ದೇಕೆ? ಸಾಹೇಬರೇ, ನಿಮ್ಮ ಕೈಯಲ್ಲಿ ಪ್ರೀತಿಯೇ ಇತ್ತು. ನಮ್ಮಲ್ಲಿ ಹಿರಿಯರು ಮಕ್ಕಳ ಪಕ್ಕ ಹಾದುಹೋದರೆ ತಲೆ ಸವರಿ ಹಣೆ ಮೂಸದೆ ಹೋಗುವುದಿಲ್ಲ, ಅದೇ ನಮ್ಮ ಮುದ್ದು. ನೀವು ಹಿಂದಿನಿಂದ ಬಂದಿರಿ, ಅವಳು ಹಾಸಿನ ಕಡೆಗೆ ಎದ್ದಿದ್ದಳು, ನೀವು ತಲೆ ಹಿಡಿದು ಹಣೆ ಮೂಸಿದಿರಿ. ಹಿಂದಿನಿಂದ ಮುಟ್ಟಬೇಡಿ ಎಂದು ನಾನು ಹೇಳುವಷ್ಟರಲ್ಲಿ ಮುಗಿದಿತ್ತು. ಗಾಜಿನ ಗೀರು ನಿಮ್ಮ ಕೆನ್ನೆಯ ಮೇಲಿದೆ, ಅದಕ್ಕೆ ನನಗೆ ವ್ಯಥೆಯಿದೆ. ಆದರೆ ಆ ಗೀರಿಗಾಗಿ ಹುಡುಗಿಯನ್ನು ನಗರದ ವಸತಿಶಾಲೆಗೆ ಕಳಿಸಬೇಕು ಎಂದು ಬರೆದಿರಿ. ಸೋಮವಾರ ಹೆಡ್‌ಮಾಸ್ತರರು ಸಹಿ ಹಾಕಿದರೆ ಅವಳು ಹೊರಟಳು. ಅಲ್ಲಿಗೆ ಹೋದರೆ ಸುಮ್ಮನಾಗುತ್ತಾಳೆ ಎನ್ನುತ್ತೀರಿ.

ಸುಮ್ಮನಾಗುವುದನ್ನು ನಾನು ನೋಡಿದ್ದೇನೆ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ನನ್ನ ತಮ್ಮ ಚಿಕ್ಕಂದಿನಲ್ಲಿ ಶಾಯಿಯ ಕುಡಿಕೆ ಎಸೆಯುತ್ತಿದ್ದ, ಮರ ಹತ್ತಿ ಕೂತು ಊರಿಗೆಲ್ಲ ಬೈಯುತ್ತಿದ್ದ. ಅವನನ್ನೂ ಅಂಥ ಕಡೆ ಕಳಿಸಿದರು. ವಾಪಸು ಬಂದಾಗ ಎಲ್ಲರಿಗೂ ಸಮಾಧಾನ, ಎಷ್ಟು ಒಳ್ಳೆಯವನಾಗಿದ್ದಾನೆ ಎಂದರು. ತಾಯಿ ರೊಟ್ಟಿ ಮುಂದಿಟ್ಟರೆ ತಿನ್ನು ಎನ್ನುವವರೆಗೆ ಮುಟ್ಟುತ್ತಿರಲಿಲ್ಲ. ಇವತ್ತಿಗೂ ಯಾರ ಬಳಿಯೂ ಏನನ್ನೂ ಕೇಳಿದವನಲ್ಲ, ಇವತ್ತಿಗೂ ಬಾಗಿಲ ಬಳಿಯೇ ಕೂರುತ್ತಾನೆ. ಸಪಾರ್, ಎದ್ದು ಹೋಗಬೇಡಪ್ಪ. ಆಯಿತು, ಮುಗಿಸಿದೆ.

ಅಂಥ ಮೌನ ನಮಗೆ ಬೇಡ. ನಾನು ನಿವೃತ್ತಳು, ಕುರ್ಚಿ ಬಿಟ್ಟುಕೊಟ್ಟಿದ್ದೇನೆ. ಆದರೆ ಮೂಲೆಯ ಹಾಸು ನನ್ನದು, ನಾನೇ ತುಳಿದು ಹದಮಾಡಿದ ಉಣ್ಣೆ. ಸೋಮವಾರ ಬೆಳಿಗ್ಗೆ ಅದರ ಮೇಲೆ ಕೂತಿರುತ್ತೇನೆ, ಆಮೇಲೂ ಬರುತ್ತೇನೆ. ಬುರುಲ್‌ಳನ್ನು ಒಯ್ಯಲು ಗಾಡಿ ಬಂದರೆ ಅದರಲ್ಲಿ ಈ ಮುದುಕಿಗೂ ಜಾಗ ಮಾಡಿಸಿ. ಅವಳಷ್ಟೇ ಚೆನ್ನಾಗಿ ನಾನೂ ಕಚ್ಚಬಲ್ಲೆ.

ಇನ್ನು ಈ ತಟ್ಟೆ. ತಲೆಯ ಕಿವಿಯನ್ನು ಕೊಯ್ದು ಮಕ್ಕಳಿಗೆ ಕೊಡುವುದು ನಮ್ಮ ಪದ್ಧತಿ, ದೊಡ್ಡವರ ಮಾತು ಕೇಳಲಿ ಎಂದು. ನಾನು ಬುರುಲ್‌ಳನ್ನು ಕರೆಯುತ್ತೇನೆ ಎಂದು ಕಾಯುತ್ತಿದ್ದೀರಿ. ಅವಳು ಬೇಕಾದಷ್ಟು ಕೇಳಿಸಿಕೊಂಡಿದ್ದಾಳೆ. ಅವಳ ಮಾತನ್ನು ಕೇಳಬೇಕಾದವರು ಬೇರೆಯವರು.

ತೊಕ್ತೊಬೆಕ್, ನೀನು ನನ್ನ ತರಗತಿಯಲ್ಲಿದ್ದಾಗ ನಿನ್ನ ಅಜ್ಜ ಇಂಥ ಕಿವಿಗಳನ್ನು ನಿನಗೆಷ್ಟು ತಿನ್ನಿಸಿದರೋ, ಏನೂ ಉಪಯೋಗವಾಗಲಿಲ್ಲ. ಆದರೂ ಯಾರೂ ನಿನ್ನನ್ನು ಎಲ್ಲಿಗೂ ಕಳಿಸಲಿಲ್ಲ. ಮೇಲೆ ಬಾ ಮಗನೇ. ಇಗೋ, ಈ ಕಿವಿ ನಿನಗೆ. ನಿಧಾನವಾಗಿ ಅಗಿ. ನೀನು ನುಂಗುವವರೆಗೆ ಯಾರೂ ನಿನ್ನನ್ನು ಏನೂ ಕೇಳುವುದಿಲ್ಲ. ಆಮೇಲೆ ಸಹಿಯ ವಿಷಯ ಈ ಸಭೆಗೆ ನೀನೇ ಹೇಳು.

ಇಷ್ಟು ಹೊತ್ತು ಹೊಗೆ ತಡೆದುಕೊಂಡಿರಿ, ನಿಮಗೆಲ್ಲ ನನ್ನ ಕೃತಜ್ಞತೆಗಳು. ಕಿವಿ ಹಿಡಿದ ಕೈ ಇನ್ನೂ ಚಾಚಿಯೇ ಇದೆ, ಹಾಗಾಗಿ ಒಂದೇ ಕೈಯಲ್ಲಿ, ನಮಸ್ಕಾರ.